ಸರ್ಕಾರಿ ಆದೇಶ ಜಾಲತಾಣದಲ್ಲಿದೆ, ಹುಡುಕಿದರೆ ಸಿಗುವುದಿಲ್ಲ

ನಮ್ಮ ಪಕ್ಕದ ಮನೆಯ ಹುಡುಗಿಯ ವಿದ್ಯಾರ್ಥಿವೇತನದ ಅರ್ಜಿ ತಿರಸ್ಕೃತವಾಯಿತು. ಕಾರಣದ ಜಾಗದಲ್ಲಿ ಒಂದು ಸರ್ಕಾರಿ ಆದೇಶದ ಸಂಖ್ಯೆ ಮತ್ತು ದಿನಾಂಕ ಬಿಟ್ಟರೆ ಬೇರೇನೂ ಇರಲಿಲ್ಲ. ಅವಳ ತಾಯಿ ಅದನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದು, “ಇದರಲ್ಲಿ ಏನಿದೆ ಅಂತ ಒಂಚೂರು ನೋಡಿ ಹೇಳಿ ಸಾರ್” ಎಂದರು. ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಇಲಾಖೆಯ ಜಾಲತಾಣದಲ್ಲಿ ಸಂಖ್ಯೆ ಹಾಕಿ ಹುಡುಕಿದೆ, ಬರಲಿಲ್ಲ. ಗೂಗಲ್‌ನಲ್ಲಿ ಹುಡುಕಿದೆ, ಬರಲಿಲ್ಲ. ಕೊನೆಗೆ ‘ಆದೇಶಗಳು ಮತ್ತು ಸುತ್ತೋಲೆಗಳು’ ಎಂಬ ಪುಟಕ್ಕೆ ಹೋಗಿ ಅಲ್ಲಿದ್ದ ಪಿಡಿಎಫ್‌ಗಳನ್ನು ಒಂದೊಂದಾಗಿ ತೆರೆಯುತ್ತ ಕೂತೆ. ಎರಡನೆಯ ದಿನ ಸಂಜೆ ಸಿಕ್ಕಿತು. ಅಷ್ಟು ದಿನವೂ ಅದು ಅಲ್ಲೇ ಇತ್ತು.

ಮೊದಲ ಸಾಲು ‘ಕರ್ನಾಟಕ ಸರ್ಕಾರದ ನಡವಳಿಗಳು’. ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಹಾಗಾದರೆ ಹುಡುಕಾಟಕ್ಕೆ ಯಾಕೆ ಸಿಗಲಿಲ್ಲ ಎಂದು ‘ಕರ್ನಾಟಕ’ ಎಂಬ ಪದವನ್ನು ಮಾತ್ರ ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದೆ. ಬಂದದ್ದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡಿನ ಗುರುತು, ಇನ್ನೊಂದು ಓರೆಗೆರೆಯ ಎ, ಐಸ್‌ಲ್ಯಾಂಡಿನ ಭಾಷೆಯಲ್ಲಿ ಬಳಸುವ ಒಂದು ಅಕ್ಷರ, ಸಣ್ಣ ಎಲ್, ಮತ್ತೆ ಪಿ, ಮತ್ತೆ ಗೆರೆಯ ಎ. ಒಟ್ಟು ಎಂಟು ಚಿಹ್ನೆಗಳು, ಒಂದೂ ಕನ್ನಡದ್ದಲ್ಲ. ಕರ್ನಾಟಕ ಸರ್ಕಾರ ಕನ್ನಡದಲ್ಲಿ ಹೊರಡಿಸಿದ ಆದೇಶದೊಳಗೆ ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ಸರ್ಕಾರದ ಪಾರದರ್ಶಕತೆಯ ಮಾತು ಬಂದಾಗ ಮಾಹಿತಿ ಹಾಕಿದ್ದಾರೋ ಇಲ್ಲವೋ ಎಂದು ಕೇಳುತ್ತೇವೆ. ಯಾವ ರೂಪದಲ್ಲಿ ಹಾಕಿದ್ದಾರೆ ಎಂದು ಕೇಳುವುದು ಕಡಿಮೆ. ಹಾಗೆಯೇ, ಸರ್ಕಾರ ಮುಕ್ತ ತಂತ್ರಾಂಶವನ್ನು, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಓಪನ್ ಸೋರ್ಸ್ ಅನ್ನು ಬಳಸಿದರೆ ಎಲ್ಲವೂ ತೆರೆದುಕೊಳ್ಳುತ್ತದೆ ಎಂದು ನಂಬಿದವರೂ ಇದ್ದಾರೆ. ಹಲವು ವರ್ಷ ನಾನೂ ಹಾಗೇ ನಂಬಿದ್ದೆ. ಈಗ ನನಗೆ ಕಾಣುವುದು ಬೇರೆ. ಜಾಲತಾಣ ಕಟ್ಟುವ ಮುಕ್ತ ತಂತ್ರಾಂಶ ನಮ್ಮ ಸರ್ಕಾರಿ ಕಚೇರಿಗಳಿಗೆ ಬಂದು ವರ್ಷಗಳೇ ಆದವು. ಅದರೊಳಗೆ ಹಾಕುವ ಕಡತ ಮಾತ್ರ ಇನ್ನೂ ಮುಚ್ಚಿಕೊಂಡೇ ಇದೆ.

ನಿಮ್ಮ ಜಿಲ್ಲಾಡಳಿತದ ಜಾಲತಾಣ ತೆರೆದು, ಬ್ರೌಸರ್‌ನಲ್ಲಿ ಆ ಪುಟದ ಮೂಲ ಕೋಡ್ ನೋಡಿ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ ಎನ್‌ಐಸಿ ಸರ್ಕಾರಿ ತಾಣಗಳಿಗಾಗಿ ರೂಪಿಸಿದ ಎಸ್‌3ವಾಸ್ ವೇದಿಕೆಯಲ್ಲಿ ಇರುವ ತಾಣವಾದರೆ ‘ಡಬ್ಲ್ಯೂಪಿ-ಕಂಟೆಂಟ್’ ಎಂಬ ಹೆಸರು ಕಣ್ಣಿಗೆ ಬೀಳುತ್ತದೆ. ಅದು ವರ್ಡ್‌ಪ್ರೆಸ್‌ನ ಗುರುತು. 2003ರಲ್ಲಿ ಹುಟ್ಟಿದ, ಯಾರು ಬೇಕಾದರೂ ಪಡೆದು ತಿದ್ದಿ ಹಂಚಬಹುದಾದ ತಂತ್ರಾಂಶ ಅದು. ಕೇಂದ್ರ ಸರ್ಕಾರದ ದತ್ತಾಂಶ ತಾಣ ಡೇಟಾ.ಗವ್.ಇನ್ 2012ರಲ್ಲಿ ಶುರುವಾದಾಗ ಅದರ ಅಡಿಪಾಯ ಡ್ರೂಪಲ್, ಅದೂ ಮುಕ್ತ ತಂತ್ರಾಂಶವೇ. ಭಾರತ ಮತ್ತು ಅಮೆರಿಕ ಸೇರಿ ಆ ವೇದಿಕೆಯನ್ನು ರೂಪಿಸಿ, ಬೇರೆ ದೇಶಗಳೂ ಬಳಸಲಿ ಎಂದು ಕೋಡ್ ಬಿಟ್ಟುಕೊಟ್ಟವು. 2015ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಒಂದು ನೀತಿಯನ್ನೇ ತಂದಿತು: ಹೊಸ ಯೋಜನೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ, ಅದನ್ನು ಬಿಟ್ಟು ಬೇರೆಯದನ್ನು ಆರಿಸಿದರೆ ಕಾರಣ ದಾಖಲಿಸಬೇಕು.

ವರ್ಡ್‌ಪ್ರೆಸ್ ಆಗಲಿ ಡ್ರೂಪಲ್ ಆಗಲಿ ಪಠ್ಯವನ್ನು ಯೂನಿಕೋಡ್‌ನಲ್ಲೇ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಪದ್ಧತಿಯಲ್ಲೇ ಇಟ್ಟುಕೊಳ್ಳುತ್ತವೆ. ಪ್ರತಿ ಪುಟಕ್ಕೂ ಒಂದು ವಿಳಾಸ ಕೊಡುತ್ತವೆ. ಯಾವ ದಿನ ಏನು ತಿದ್ದಿದರು ಎಂಬ ಹಳೆಯ ಪ್ರತಿಗಳನ್ನು ಉಳಿಸಿಡುವ ಅನುಕೂಲವೂ ಅವುಗಳಲ್ಲಿದೆ. ಒಂದು ಆದೇಶವನ್ನು ಪ್ರಕಟಿಸಲು ಇದಕ್ಕಿಂತ ಹೆಚ್ಚೇನು ಬೇಕು? ಆದರೆ ಕಚೇರಿಗಳಲ್ಲಿ ಇದು ಪಿಡಿಎಫ್ ತುಂಬುವ ಬೀರುವಾಗಿದೆ. ಕನ್ನಡವನ್ನು ಚೆನ್ನಾಗಿ ಬಲ್ಲ ಯಂತ್ರದ ಕೈಗೆ ಕನ್ನಡದ ಅಕ್ಷರವನ್ನೇ ಕೊಡುತ್ತಿಲ್ಲ.

ಕಾನೂನು ಕೇಳುವುದು ಇದನ್ನಲ್ಲ. ಮಾಹಿತಿ ಹಕ್ಕು ಅಧಿನಿಯಮ 2005ರ 4(1)(ಬಿ) ಪ್ರಕರಣದಡಿ ಪ್ರತಿ ಸಾರ್ವಜನಿಕ ಪ್ರಾಧಿಕಾರ ತಾನಾಗಿಯೇ ಪ್ರಕಟಿಸಬೇಕಾದ 17 ಅಂಶಗಳ ಪಟ್ಟಿ ಹಲವರಿಗೆ ಗೊತ್ತು. ಅದರ ಹಿಂದಿನ 4(1)(ಎ)ಯನ್ನು ಓದುವವರು ಕಡಿಮೆ. ದಾಖಲೆಗಳನ್ನು ಸುಲಭವಾಗಿ ಸಿಗುವ ಹಾಗೆ ಪಟ್ಟಿ ಮಾಡಿ, ಸೂಚಿ ತಯಾರಿಸಿ ಇಡಬೇಕು ಎಂದು ಅದು ಹೇಳುತ್ತದೆ. 4(2) ಇನ್ನೂ ಸ್ಪಷ್ಟ: ಜನ ಅರ್ಜಿ ಹಾಕುವ ಪ್ರಮೇಯವೇ ಆದಷ್ಟು ಬಾರದಷ್ಟು ಮಾಹಿತಿಯನ್ನು ಸರ್ಕಾರ ತಾನೇ ಕೊಡುತ್ತಿರಬೇಕು. 4(4) ಸ್ಥಳೀಯ ಭಾಷೆಯನ್ನೂ ಆ ಊರಿಗೆ ಒಗ್ಗುವ ಸಂವಹನ ವಿಧಾನವನ್ನೂ ಗಮನದಲ್ಲಿಡಿ ಎನ್ನುತ್ತದೆ.

ಈ ಕಾನೂನಿನ ಬೇರು ರಾಜಸ್ಥಾನದ ಹಳ್ಳಿಗಳಲ್ಲಿದೆ. 1990ರಲ್ಲಿ ದೇವಡುಂಗ್ರಿಯಿಂದ ಹೊರಟ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ, 1994ರ ಕೊನೆಯಿಂದ ಊರೂರಲ್ಲಿ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿತು. ಕಾಮಗಾರಿಯ ಬಿಲ್ಲು, ವೋಚರು, ಹಾಜರಿ ಪಟ್ಟಿಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿದರು. ಕೂಲಿ ಪಡೆದವರ ಪಟ್ಟಿಯಲ್ಲಿ ಯಾವತ್ತೋ ತೀರಿಹೋದವರ ಹೆಸರು ಕೇಳಿದಾಗ ಊರಿಗೆ ಊರೇ ಎದ್ದು ನಿಂತಿತು. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತು ಕೇಳಿದ್ದು ಆ ದಾಖಲೆಗಳ ನಕಲನ್ನು. ಕಪಾಟಿನಲ್ಲಿ ಕೂತಿದ್ದಾಗ ಯಾರಿಗೂ ಉಪಯೋಗವಾಗದ ಕಾಗದ, ಓದಿ ಹೇಳಿದ ಮೇಲೆ ಊರಿನ ಕೈಗೆ ಬಂತು. ಅದೇ ರಾಜಸ್ಥಾನ 2019ರಲ್ಲಿ ಜನ ಸೂಚನಾ ಪೋರ್ಟಲ್ ತೆರೆಯಿತು. ನಮ್ಮ ‘ಮಾಹಿತಿ ಕಣಜ’ವೂ ಅದೇ ಹಾದಿಯದು, ಹಲವು ಇಲಾಖೆಗಳ ಮಾಹಿತಿಯನ್ನು ಒಂದೇ ಕಡೆ ತರುವ ಪ್ರಯತ್ನ. ಅದು ಒಳ್ಳೆಯ ಹೆಜ್ಜೆ ಎಂದು ಮನಸಾರೆ ಹೇಳುತ್ತೇನೆ. ಆದರೆ ಫಲಾನುಭವಿಗಳ ಪಟ್ಟಿ ಒಂದು, ಆ ಪಟ್ಟಿಗೆ ಯಾರು ಸೇರಬೇಕು ಎಂದು ನಿರ್ಧರಿಸುವ ಆದೇಶ ಇನ್ನೊಂದು. ಪಕ್ಕದ ಮನೆಯ ಹುಡುಗಿಗೆ ಬೇಕಾಗಿದ್ದದ್ದು ಎರಡನೆಯದು.

ಈಗ ಆ ಎಂಟು ಚಿಹ್ನೆಗಳಿಗೆ ಬರೋಣ. ಕನ್ನಡ ಕಂಪ್ಯೂಟರ್‌ಗೆ ಬಂದ ಆರಂಭದ ದಿನಗಳಲ್ಲಿ ಒಂದು ಫಾಂಟಿನಲ್ಲಿ ಇದ್ದದ್ದು 256 ಮನೆಗಳು. ಇಂಗ್ಲಿಷ್ ಅಕ್ಷರಗಳು ಕೂರುವ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ‘ಕ’ದ ಒಡಲು ಪಿ ಇದ್ದಲ್ಲಿ, ಅದರ ತಲೆಕಟ್ಟು ಗೆರೆಯ ಎ ಇದ್ದಲ್ಲಿ, ಅರ್ಕಾವೊತ್ತು ಐಸ್‌ಲ್ಯಾಂಡಿನ ಅಕ್ಷರದ ಜಾಗದಲ್ಲಿ. ಆ ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಯಂತ್ರಕ್ಕೆ ಮಾತ್ರ ಅದು ಪಿ ಮತ್ತು ಎ. ಇದನ್ನು ರೂಪಿಸಿದವರನ್ನು ದೂರುವ ಮನಸ್ಸು ನನಗಿಲ್ಲ. ನುಡಿ, ಬರಹದಂಥ ತಂತ್ರಾಂಶಗಳಿಂದಾಗಿಯೇ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಕನ್ನಡ ಟೈಪಿಂಗ್ ಬಂತು, ಡಿಟಿಪಿ ಅಂಗಡಿಗಳು ಬದುಕಿದವು. ಕಾಗದದ ಮೇಲೆ ಮುದ್ರಿಸಲು ಅದು ಸಾಕಾಗಿತ್ತು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ ಮನೆಗಳು 1991ರಿಂದ ಇವೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಜೊತೆಗೆ ತುಂಗಾ ಎಂಬ ಕನ್ನಡ ಯೂನಿಕೋಡ್ ಫಾಂಟ್ ಕೂಡ ಬಂತು. ಅಲ್ಲಿ ‘ಕರ್ನಾಟಕ’ ಎಂದರೆ ಕ, ರ, ಹಲಂತ, ನ, ದೀರ್ಘದ ಚಿಹ್ನೆ, ಟ, ಕ. ಹೀಗೆ ಏಳು, ಎಲ್ಲವೂ ಕನ್ನಡದವೇ. ನಾವು ಉಚ್ಚರಿಸುವ ಕ್ರಮದಲ್ಲೇ ‘ರ’ ಮೊದಲು, ‘ನಾ’ ಆಮೇಲೆ. ಹಳೆಯ ಪದ್ಧತಿಯಲ್ಲಿ ಬರೆಯುವ ಕ್ರಮ: ‘ನಾ’ ಮೊದಲು, ಅರ್ಕಾವೊತ್ತು ಆಮೇಲೆ. ಆದ್ದರಿಂದ ಹಳೆಯದನ್ನು ಹೊಸದಕ್ಕೆ ಬದಲಿಸುವುದೆಂದರೆ ಒಂದು ಚಿಹ್ನೆಯ ಜಾಗಕ್ಕೆ ಇನ್ನೊಂದನ್ನು ಇಡುವುದಷ್ಟೇ ಅಲ್ಲ, ಕ್ರಮವನ್ನೂ ತಿದ್ದಬೇಕು. ಈ ಕಷ್ಟದ ಕೆಲಸವನ್ನು ಮುಕ್ತ ತಂತ್ರಾಂಶದ ಕನ್ನಡಿಗರು ಮಾಡಿಟ್ಟಿದ್ದಾರೆ. ಗುಬ್ಬಿ, ನವಿಲು ಫಾಂಟ್‌ಗಳನ್ನು ಕೊಟ್ಟ ಅರವಿಂದ ವಿ.ಕೆ. ಆಸ್ಕಿ ಎಂದು ಕರೆಯುವ ಆ ಹಳೆಯ ಪದ್ಧತಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕವನ್ನೂ ಬರೆದು, ಅದರ ಕೋಡ್ ಎಲ್ಲರಿಗೂ ತೆರೆದಿಟ್ಟರು. ನನ್ನ ಪಿಡಿಎಫ್‌ನ ಪಠ್ಯವನ್ನು ಇಂಥದೇ ಒಂದು ಪರಿವರ್ತಕಕ್ಕೆ ಕೊಟ್ಟಾಗ ಕಣ್ಣೆದುರು ಕನ್ನಡ ಮೂಡಿತು. ಕೆಲವು ಒತ್ತಕ್ಷರ ತಿದ್ದಬೇಕಾಯಿತು, ಅಷ್ಟೇ.

ಈ ತೊಡಕನ್ನು ತಾಂತ್ರಿಕ ಕಿರಿಕಿರಿ ಎಂದು ತಳ್ಳಿಹಾಕುವವರಿಗೆ ಒಂದು ಸಂಜೆಯ ಸಂಗತಿ ಹೇಳಬೇಕು. ನನಗೆ ಪರಿಚಯದ ಶಿಕ್ಷಕರೊಬ್ಬರಿಗೆ ಕಣ್ಣು ಕಾಣುವುದಿಲ್ಲ. ಅವರು ಕಂಪ್ಯೂಟರ್ ಬಳಸುವುದು ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶದಿಂದ. ಅದೂ ಮುಕ್ತ, ಹಣ ಕೊಡಬೇಕಿಲ್ಲ. ಜೊತೆಗಿರುವ ಇಸ್ಪೀಕ್ ಕನ್ನಡವನ್ನೂ ಓದುತ್ತದೆ. ಅದೇ ಆದೇಶವನ್ನು ಅವರಿಗೆ ಕಳಿಸಿದೆ. ಅವರು ಫೋನ್ ಹತ್ತಿರ ಹಿಡಿದು ನನಗೂ ಕೇಳಿಸಿದರು. ಕನ್ನಡದ ಒಂದು ಪದವೂ ಇಲ್ಲ, ಇಂಗ್ಲಿಷ್ ಅಕ್ಷರಗಳ ಒಂದು ಗಲಿಬಿಲಿ ಮಾತ್ರ. ಅದಕ್ಕಿಂತ ಹಿಂದಿನ ಇನ್ನೊಂದು ಸುತ್ತೋಲೆ ಸ್ಕ್ಯಾನ್ ಮಾಡಿದ ಚಿತ್ರ. ಅದನ್ನು ತೆರೆದಾಗ ಏನೂ ಕೇಳಲಿಲ್ಲ, ಖಾಲಿ ಪುಟ. “ಇಷ್ಟು ವರ್ಷ ನಮ್ಮ ಆದೇಶಗಳನ್ನು ಬೇರೆಯವರ ಹತ್ತಿರ ಓದಿಸಿಕೊಂಡೇ ಕೇಳಿದ್ದೇನೆ” ಎಂದರು. ವಿಕಲಚೇತನರ ಹಕ್ಕುಗಳ ಅಧಿನಿಯಮ 2016ರಿಂದ ಇದೆ. ಸರ್ಕಾರಿ ಜಾಲತಾಣಗಳಿಗೆ ಮಾರ್ಗಸೂಚಿ 2009ರಿಂದ ಇದೆ. ಎರಡೂ ಕಾಗದದ ಮೇಲಿವೆ.

ಸ್ಕ್ಯಾನ್‌ನ ಕಥೆ ಇನ್ನೂ ಬೇಸರದ್ದು. ಈಗ ಕಚೇರಿಗಳಲ್ಲಿ ಟೈಪ್ ಮಾಡುವುದು ಕಂಪ್ಯೂಟರ್‌ನಲ್ಲೇ. ವಿಷಯ ನಿರ್ವಾಹಕರು ಕರಡು ಸಿದ್ಧಪಡಿಸುತ್ತಾರೆ, ಮೇಲಿನವರು ತಿದ್ದುತ್ತಾರೆ, ಆಮೇಲೆ ಪ್ರಿಂಟ್. ಸಹಿ ಬೀಳುತ್ತದೆ, ಮೊಹರು ಬೀಳುತ್ತದೆ. ಮತ್ತೆ ಸ್ಕ್ಯಾನರ್‌ಗೆ ಹೋಗಿ ಓರೆಯಾದ ಒಂದು ಚಿತ್ರವಾಗಿ ಜಾಲತಾಣ ಸೇರುತ್ತದೆ. ಅಕ್ಷರವಾಗಿ ಹುಟ್ಟಿದ್ದನ್ನು ಚಿತ್ರವಾಗಿಸಿ ಪ್ರಕಟಿಸುತ್ತೇವೆ. ಅದನ್ನು ಓದುವವರು ಮತ್ತೆ ಅಕ್ಷರವಾಗಿಸಲು ಒದ್ದಾಡುತ್ತಾರೆ. ಇದಕ್ಕೂ ಮುಕ್ತ ಸಾಧನವಿದೆ: ಎಚ್‌ಪಿ ಕಂಪನಿಯಲ್ಲಿ ಹುಟ್ಟಿ 2005ರಲ್ಲಿ ಕೋಡ್ ತೆರೆದುಕೊಂಡ ಟೆಸರಾಕ್ಟ್, ಚಿತ್ರದಲ್ಲಿರುವ ಕನ್ನಡವನ್ನು ಗುರುತಿಸುತ್ತದೆ. ಸ್ವಚ್ಛವಾದ ಪುಟದಲ್ಲಿ ಚೆನ್ನಾಗಿಯೇ. ಮೂರನೆಯ ಸಲದ ಜೆರಾಕ್ಸ್ ಪ್ರತಿಯಲ್ಲಿ ಒತ್ತಕ್ಷರಗಳು ಕಲಸಿಹೋಗುತ್ತವೆ. ಅಂಕಿಗಳಲ್ಲಂತೂ ಜೋಪಾನ. ಕನ್ನಡದ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ, ಯಂತ್ರಕ್ಕೆ ಅವು ಎರಡು. ಆದಾಯ ಮಿತಿಯ ಮೊತ್ತದಲ್ಲಿ ಒಂದು ಸೊನ್ನೆ ಅನುಸ್ವಾರವಾಗಿ ಕೂತರೆ ಆ ಮೊತ್ತವನ್ನು ಯಾರೂ ಹುಡುಕಿ ತೆಗೆಯಲಾರರು.

ಬೇರೆ ಕಡೆ ಇದನ್ನು ಹೇಗೆ ಬಿಡಿಸಿಕೊಂಡರು? ಬ್ರಿಟನ್ ಸರ್ಕಾರ 2012ರ ಅಕ್ಟೋಬರ್‌ನಲ್ಲಿ ತನ್ನ ಇಲಾಖೆಗಳಿಗೆಲ್ಲ ಒಂದೇ ತಾಣವಾಗಿ ಗವ್.ಯುಕೆ ಶುರುಮಾಡಿತು. ಅದರ ಕೋಡ್ ತೆರೆದಿದೆ. ಆದರೆ ನನಗೆ ಮುಖ್ಯ ಎನಿಸುವುದು ಅವರು ಹಾಕಿಕೊಂಡ ಶಿಸ್ತು. ಆದಷ್ಟು ಪಿಡಿಎಫ್ ಬೇಡ, ಪಠ್ಯವನ್ನು ವೆಬ್ ಪುಟವಾಗಿಯೇ ಹಾಕಿ ಎಂದು ಅವರ ತಂಡ ಇಲಾಖೆಗಳಿಗೆ ಬಹಿರಂಗವಾಗಿ ಹೇಳುತ್ತ ಬಂದಿದೆ. ಮಾರ್ಗಸೂಚಿಯೊಂದನ್ನು ತೆರೆದರೆ ಮೊದಲು ಪ್ರಕಟವಾದ ದಿನ, ಕೊನೆಗೆ ತಿದ್ದಿದ ದಿನ, ನಡುವೆ ಏನೇನು ಬದಲಾಯಿತು ಎಂಬ ಪಟ್ಟಿ ಸಿಗುತ್ತದೆ. ನಿಯಮ ಬದಲಾದ ದಿನವೇ ನಾಗರಿಕನಿಗೂ ಗೊತ್ತಾಗುತ್ತದೆ.

ಅದೇ ದೇಶದ ಮೈಸೊಸೈಟಿ ಎಂಬ ಸಂಸ್ಥೆ 2008ರಲ್ಲಿ ವಾಟ್‌ಡುದೇನೋ ಎಂಬ ತಾಣ ಕಟ್ಟಿತು. ಅಲ್ಲಿಂದ ಮಾಹಿತಿ ಕೇಳಿದರೆ ಪ್ರಶ್ನೆಯೂ ಇಲಾಖೆಯ ಉತ್ತರವೂ ಎಲ್ಲರಿಗೂ ಕಾಣುವಂತೆ ಅಲ್ಲೇ ಉಳಿಯುತ್ತವೆ. ಅದರ ಹಿಂದಿನ ತಂತ್ರಾಂಶವನ್ನು ಅಲವತೇಲಿ ಎಂಬ ಹೆಸರಿನಲ್ಲಿ ಬಿಟ್ಟುಕೊಟ್ಟ ಮೇಲೆ ಹಂಗೇರಿ, ನ್ಯೂಜಿಲೆಂಡ್, ಉರುಗ್ವೆಯ ಜನರೂ ತಮ್ಮ ತಾಣ ಕಟ್ಟಿಕೊಂಡರು. ನಮ್ಮಲ್ಲಿ ಆನ್‌ಲೈನ್ ಅರ್ಜಿ ಇದೆ, ಆದರೆ ಉತ್ತರ ಬರುವುದು ಅರ್ಜಿದಾರರೊಬ್ಬರಿಗೇ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಬೀದರಿನಲ್ಲಿ ಒಬ್ಬರು ಕೇಳಿ ಪಡೆದ ಉತ್ತರವನ್ನೇ ಚಾಮರಾಜನಗರದ ಇನ್ನೊಬ್ಬರು ಮತ್ತೆ 10 ರೂಪಾಯಿ ಕೊಟ್ಟು ಕೇಳಬೇಕು. ಅರ್ಜಿ ಮತ್ತು ಉತ್ತರಗಳನ್ನು ಜಾಲತಾಣದಲ್ಲಿ ಹಾಕಿ ಎಂದು ಕೇಂದ್ರದ ಸಿಬ್ಬಂದಿ ಮತ್ತು ತರಬೇತಿ ಇಲಾಖೆ 2013ರ ಏಪ್ರಿಲ್‌ನಲ್ಲೇ ಮಾರ್ಗಸೂಚಿ ಕೊಟ್ಟಿತ್ತು.

ತಂತ್ರಾಂಶ ತೆರೆದರೆ ಸಾಲದು ಎನ್ನಲು ಎರಡು ನಿದರ್ಶನ ಸಾಕು. ಅಮೆರಿಕದ ಶ್ವೇತಭವನದ ತಾಣ 2009ರಿಂದ ಡ್ರೂಪಲ್ ಮೇಲಿತ್ತು. 2017ರ ಜನವರಿಯಲ್ಲಿ ಅಧ್ಯಕ್ಷರು ಬದಲಾದರು, ತಂತ್ರಾಂಶ ಅದೇ ಇತ್ತು, ಸ್ಪ್ಯಾನಿಷ್ ಪುಟಗಳು ಮಾಯವಾದವು. ಹಿಂದಿನ ಆಡಳಿತದ ಪುಟಗಳು ಇವತ್ತಿಗೂ ಓದಲು ಸಿಗುವುದು ರಾಷ್ಟ್ರೀಯ ದಾಖಲಾತಿ ಸಂಸ್ಥೆ ಅವನ್ನು ಕಾಪಿಟ್ಟದ್ದರಿಂದ. ನಮ್ಮ ಆರೋಗ್ಯ ಸೇತು 2020ರ ಏಪ್ರಿಲ್ 2ರಂದು ಬಂತು, ಮೇ 26ರಂದು ಅದರ ಆಂಡ್ರಾಯ್ಡ್ ಕೋಡ್ ತೆರೆದರು. ಆದರೂ ಆ ಆ್ಯಪ್ ರೂಪಿಸಿದವರು ಯಾರು ಎಂಬ ಮಾಹಿತಿ ಹಕ್ಕು ಅರ್ಜಿಗೆ ನೇರ ಉತ್ತರ ಸಿಗದೆ, ಅಕ್ಟೋಬರ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಅಧಿಕಾರಿಗಳಿಗೆ ನೋಟಿಸ್ ಕೊಡಬೇಕಾಯಿತು. ಕೋಡ್ ಕಣ್ಣೆದುರಿಗಿದ್ದೂ ಕಡತ ಕೈಗೆ ಸಿಗಲಿಲ್ಲ.

ಸರ್ಕಾರ ಮಾಡದೆ ಬಿಟ್ಟದ್ದನ್ನು ನಾಗರಿಕರೇ ಮುಕ್ತ ತಂತ್ರಾಂಶ ಹಿಡಿದು ಮಾಡುತ್ತಿದ್ದಾರೆ, ಅದು ನನಗೆ ದೊಡ್ಡ ಧೈರ್ಯ. ಇಂಡಿಯನ್ ಕಾನೂನ್ ಎಂಬ ತೀರ್ಪುಗಳ ಹುಡುಕುತಾಣವನ್ನು 2008ರಲ್ಲಿ ಕಟ್ಟಿದ ಸುಶಾಂತ್ ಸಿನ್ಹಾ, ಕೇಂದ್ರ ಮತ್ತು ರಾಜ್ಯಗಳ ರಾಜ್ಯಪತ್ರಗಳನ್ನು ಇಳಿಸಿಕೊಂಡು ಇಂಟರ್‌ನೆಟ್ ಆರ್ಕೈವ್‌ಗೆ ಸೇರಿಸುವ ಕೋಡ್ ಬರೆದು ಬಹಿರಂಗವಾಗಿಟ್ಟಿದ್ದಾರೆ. ಕೆಲವು ಸರ್ಕಾರಿ ತಾಣಗಳು ಭಾರತದ ಹೊರಗಿನಿಂದ ತೆರೆಯುವುದೇ ಇಲ್ಲ, ಹೊರದೇಶದಲ್ಲಿರುವ ಕನ್ನಡಿಗರಿಗೆ ಇಂಥ ಪ್ರತಿಯೇ ಗತಿ. ಬೆಂಗಳೂರಿನ ಊರ್ವಾಣಿ ಫೌಂಡೇಶನ್ ನಡೆಸುವ ಓಪನ್‌ಸಿಟಿ, ನಗರದ ಬಜೆಟ್, ವಾರ್ಡ್ ಗಡಿಗಳಂಥ ದತ್ತಾಂಶವನ್ನು ಸಿಕ್ಯಾನ್ ಎಂಬ ಮುಕ್ತ ತಂತ್ರಾಂಶದಲ್ಲಿ ಇಟ್ಟಿದೆ. ಆದರೆ ಇದೆಲ್ಲ ತೋಡಿದ ಬಾವಿಯ ನೀರನ್ನು ಕೊಡದಲ್ಲಿ ಮನೆಮನೆಗೆ ಹೊತ್ತ ಹಾಗೆ. ನಲ್ಲಿ ಹಾಕಬೇಕಾದವರು ಇಲಾಖೆಯವರು.

ಹಾಕುವುದು ಕಷ್ಟವೇ? ನಮ್ಮ ಆದೇಶದ ರೂಪವನ್ನೇ ನೋಡಿ. ‘ವಿಷಯ’, ಅದರ ಕೆಳಗೆ ‘ಓದಲಾಗಿದೆ’, ಆಮೇಲೆ ‘ಪ್ರಸ್ತಾವನೆ’, ಆಮೇಲೆ ಆದೇಶ. ಈ ‘ಓದಲಾಗಿದೆ’ಯಲ್ಲಿ ಹಿಂದಿನ ಆದೇಶಗಳ ಸಂಖ್ಯೆ, ದಿನಾಂಕ ಕ್ರಮವಾಗಿ ಇರುತ್ತವೆ. ಯಾವ ಆದೇಶ ಯಾವುದನ್ನು ತಿದ್ದಿತು, ಯಾವುದರ ಬುಡ ಎಲ್ಲಿದೆ ಎಂಬ ಪೂರ್ತಿ ಸರಪಳಿ ಅದು. ವೆಬ್‌ನಲ್ಲಿ ಲಿಂಕ್ ಮಾಡುವ ಕೆಲಸವನ್ನು ನಮ್ಮ ಗುಮಾಸ್ತರು ವೆಬ್ ಹುಟ್ಟುವ ಮೊದಲೇ ಕಾಗದದ ಮೇಲೆ ಮಾಡುತ್ತಿದ್ದರು. ಆ ಸಂಖ್ಯೆಗಳು ಯೂನಿಕೋಡ್ ಪಠ್ಯವಾಗಿದ್ದು, ಪ್ರತಿ ಆದೇಶಕ್ಕೂ ಬದಲಾಗದ ಒಂದು ವಿಳಾಸ ಇದ್ದರೆ, ‘ಓದಲಾಗಿದೆ’ಯ ಒಂದೊಂದು ಸಾಲನ್ನೂ ಒತ್ತಿ ಹಿಂದಿನ ಆದೇಶಕ್ಕೆ ಹೋಗಬಹುದು. ಅಲ್ಲಿಂದ ಮುಂದಕ್ಕೂ ಬರಬಹುದು: ಈ ಆದೇಶವನ್ನು ಆಮೇಲೆ ಯಾವುದು ಬದಲಿಸಿತು? ವಿದ್ಯಾರ್ಥಿವೇತನದ ಅರ್ಜಿದಾರರಿಗೆ ಎಲ್ಲಕ್ಕಿಂತ ಬೇಕಾದ ಪ್ರಶ್ನೆ ಇದೇ.

ಸಹಿ, ಮೊಹರು ಇಲ್ಲದ ಪಠ್ಯಕ್ಕೆ ಬೆಲೆ ಏನು ಎಂದು ಅಧಿಕಾರಿಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಸಹಿ ಇರುವ ಪ್ರತಿಯನ್ನೂ ಅದೇ ಪುಟದಲ್ಲಿ ಲಗತ್ತಿಸಲಿ. ಡಿಜಿಟಲ್ ಸಹಿಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮ 2000 ಮಾನ್ಯತೆ ಕೊಟ್ಟು ಕಾಲು ಶತಮಾನವಾಯಿತು. ಸಿಬ್ಬಂದಿಗೆ ಹೆಚ್ಚಿನ ಹೊರೆ ಎಂಬ ಮಾತೂ ಇದೆ. ಟೈಪ್ ಮಾಡಿದ ಕಡತ ಅವರ ಕಂಪ್ಯೂಟರ್‌ನಲ್ಲೇ ಇರುವಾಗ, ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡುವುದಕ್ಕಿಂತ ಅದನ್ನು ಪುಟಕ್ಕೆ ಹಾಕುವುದು ಹಗುರ. ಇನ್ನು ಹಳೆಯ ಫಾಂಟಿನ ಕಡತಗಳು. ಪಿಡಿಎಫ್ ತನ್ನೊಳಗಿನ ಫಾಂಟಿನ ಹೆಸರನ್ನು ಸಾಮಾನ್ಯವಾಗಿ ಹೊತ್ತುಕೊಂಡೇ ಇರುತ್ತದೆ. ಅಪ್‌ಲೋಡ್ ಮಾಡುವ ಹೊತ್ತಿಗೇ ಅದನ್ನು ನೋಡಿ, “ಇದು ಯೂನಿಕೋಡ್ ಅಲ್ಲ, ಪರಿವರ್ತಿಸಿದ ಪಠ್ಯ ಇಲ್ಲಿದೆ, ಪರಿಶೀಲಿಸಿ” ಎಂದು ತೋರಿಸುವ ಒಂದು ಸಣ್ಣ ಪ್ಲಗಿನ್, ಅಂದರೆ ಮೇಲಿಂದ ಜೋಡಿಸುವ ಪುಟ್ಟ ತಂತ್ರಾಂಶ ಬರೆದರೆ ವರ್ಡ್‌ಪ್ರೆಸ್‌ನಲ್ಲಿ ಕೂರುತ್ತದೆ. ಪರಿವರ್ತಕದ ಕೋಡ್ ಇದೆ, ವೇದಿಕೆಯ ಕೋಡ್ ಇದೆ. ಎರಡನ್ನೂ ತಿದ್ದಲು ಯಾರ ಅನುಮತಿಯೂ ಬೇಕಿಲ್ಲ, ಮುಕ್ತ ತಂತ್ರಾಂಶದ ನಿಜವಾದ ಲಾಭ ನನಗೆ ಕಾಣುವುದು ಇಲ್ಲಿ. ಒಮ್ಮೆ ಸರಿಪಡಿಸಿದರೆ 31 ಜಿಲ್ಲೆಗಳ ತಾಣಗಳಿಗೂ ಆಯಿತು, ಮತ್ತೆ ಟೆಂಡರ್ ಕರೆಯುವ ಕೆಲಸವಿಲ್ಲ.

ನನಗೆ ಸಿಕ್ಕ ಆದೇಶದ ‘ಓದಲಾಗಿದೆ’ಯಲ್ಲಿ ಮೂರು ಸಂಖ್ಯೆಗಳಿದ್ದವು. ಒಂದು ಅದೇ ತಾಣದಲ್ಲಿ ಸಿಕ್ಕಿತು. ಎರಡಕ್ಕೆ ಪೋಸ್ಟಲ್ ಆರ್ಡರ್ ಲಗತ್ತಿಸಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದೆ, ಆಮೇಲೆ ಬಂದ ತಿದ್ದುಪಡಿ ಆದೇಶವೇನಾದರೂ ಇದ್ದರೆ ಅದನ್ನೂ ಕೊಡಿ ಎಂದು ಕೇಳಿದೆ. ಪುಟಕ್ಕೆ 2 ರೂಪಾಯಿಯಂತೆ ಕಟ್ಟಿದ ಮೇಲೆ ಜೆರಾಕ್ಸ್ ಪ್ರತಿಗಳು ಟಪಾಲಿನಲ್ಲಿ ಬಂದವು. ತಿದ್ದುಪಡಿ ಇತ್ತು. ಆದಾಯ ಮಿತಿಯನ್ನು ಏರಿಸಿದ್ದರು, ಹುಡುಗಿಯ ಅರ್ಜಿಯನ್ನು ಅದಕ್ಕಿಂತ ಹಿಂದಿನ ಆದೇಶ ಹಿಡಿದು ತಿರಸ್ಕರಿಸಿದ್ದರು. ಅವಳು ಮೇಲ್ಮನವಿ ಬರೆದು, ಆ ಪ್ರತಿಯನ್ನು ಲಗತ್ತಿಸಿ ಕಳಿಸಿದಳು. ಮೊನ್ನೆ ಅವಳ ತಾಯಿ ಬಂದು, ಬೇರೆ ಮಕ್ಕಳಿಗೂ ಬೇಕಾಗುತ್ತೆ, ಅದನ್ನು ಕಳಿಸಿ ಎಂದರು. ಎರಡು ಪುಟಗಳನ್ನು ಕೂತು ಯೂನಿಕೋಡ್‌ನಲ್ಲಿ ಟೈಪ್ ಮಾಡಿದೆ, ಅರ್ಧ ಗಂಟೆಯೂ ಆಗಲಿಲ್ಲ. ಈಗ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ‘ಆದಾಯ ಮಿತಿ’ ಎಂದು ಹುಡುಕಿದರೆ ಆ ಆದೇಶ ಸಿಗುತ್ತದೆ.